ಒಡಂಬಡಿಕೆ ಬರೆದ ನ್ಯಾಯಾಧೀಶ

1638ರ ಫೆಬ್ರವರಿ 28ರಂದು ಎಡಿನ್‌ಬರೋದ ಗ್ರೇಫ್ರೈಯರ್ಸ್ ದೇವಾಲಯದಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಒಡಂಬಡಿಕೆಗೆ ಸಹಿಗಳು ಬೀಳತೊಡಗಿದವು. ರಾಜ ಮೊದಲನೆಯ ಚಾರ್ಲ್ಸ್ ಹೇರಹೊರಟ ಪ್ರಾರ್ಥನಾಗ್ರಂಥಕ್ಕೆ ಅದು ಅಲ್ಲಿನ ಜನರ ಉತ್ತರ. ರಚಿಸಿದವರಿಬ್ಬರು: ಬೋಧಕ ಅಲೆಕ್ಸಾಂಡರ್ ಹೆಂಡರ್ಸನ್ ಹಾಗೂ ಇನ್ನೂ ಮೂವತ್ತು ತುಂಬದ ವಕೀಲ ಆರ್ಚಿಬಾಲ್ಡ್ ಜಾನ್‌ಸ್ಟನ್. ಒಡಂಬಡಿಕೆಯ ನಡುವೆ ಬರುವ ಸಂಸತ್ ಶಾಸನಗಳ ಉದ್ದನೆಯ ಪಟ್ಟಿ ಜಾನ್‌ಸ್ಟನ್ನರದು. ಭಕ್ತಿಗಾಗಿ ಓದುವವರಿಗೆ ಆ ಭಾಗ ಬೇಸರ ತರಿಸೀತು. ಆದರೆ ನನ್ನ ದೃಷ್ಟಿಯಲ್ಲಿ ಅದರ ಬಲವಿರುವುದು ಅಲ್ಲಿಯೇ: ದೇವರ ಮುಂದಿನ ಪ್ರತಿಜ್ಞೆಗೆ ನಾಡಿನ ಕಾನೂನೇ ಸಾಕ್ಷಿ ನುಡಿಯಿತು, ಅದನ್ನು ಬರಿಯ ದಂಗೆಯೆಂದು ತಳ್ಳಿಹಾಕುವುದು ಅರಸನಿಗೆ ಸುಲಭವಾಗಲಿಲ್ಲ.

1641ರಲ್ಲಿ ಅವರು ಸೆಷನ್ ನ್ಯಾಯಾಲಯದ ನ್ಯಾಯಾಧೀಶರಾಗಿ ಲಾರ್ಡ್ ವಾರಿಸ್ಟನ್ ಎನಿಸಿದರು; 1649ರಲ್ಲಿ ರಾಜ್ಯದ ದಾಖಲೆಗಳ ಮುಖ್ಯಾಧಿಕಾರಿಯಾದರು. ಕ್ರಾಮ್‌ವೆಲ್‌ನ ಸೇನೆ ನಾಡನ್ನು ಗೆದ್ದಾಗ ಆ ಹುದ್ದೆ ಹೋಯಿತು. ಕ್ರಾಮ್‌ವೆಲ್‌ನದು ಅಕ್ರಮ ಆಳ್ವಿಕೆಯೆಂದು ಖಂಡಿಸಿದ್ದವರು 1657ರಲ್ಲಿ ಅದೇ ಹುದ್ದೆಯನ್ನು ಅವನ ಕೈಯಿಂದಲೇ ಸ್ವೀಕರಿಸಿದರು. ದೊಡ್ಡ ಸಂಸಾರ, ಮೇಲೆ ಸಾಲ. ಮನಸ್ಸಾಕ್ಷಿಯ ಒಂದೊಂದು ಮಿಡಿತವನ್ನೂ ದಿನಚರಿಯಲ್ಲಿ ದಾಖಲಿಸುತ್ತಿದ್ದವರು ಅವರು, ಅರಿಯದೆ ಎಡವಿದರೆನ್ನುವಂತಿಲ್ಲ.

1660ರಲ್ಲಿ ರಾಜಪ್ರಭುತ್ವ ಮರಳಿದಾಗ ಯುರೋಪ್ ಖಂಡಕ್ಕೆ ತಲೆಮರೆಸಿಕೊಂಡು ಹೋದ ಅವರನ್ನು ಫ್ರಾನ್ಸಿನ ರೂಆನ್ ನಗರದಲ್ಲಿ ಹಿಡಿದು ತರಲಾಯಿತು. ಆ ವೇಳೆಗೆ ನೆನಪಿನ ಶಕ್ತಿ ಕುಸಿದಿತ್ತು. ಅವರ ಸೋದರಳಿಯ, ಮುಂದೆ ಬಿಷಪರಾದ ಗಿಲ್ಬರ್ಟ್ ಬರ್ನೆಟ್ ಆ ದೈನ್ಯವನ್ನು ಬರೆದಿಟ್ಟಿದ್ದಾರೆ. 1663ರ ಜುಲೈ 22ರಂದು ಎಡಿನ್‌ಬರೋದಲ್ಲಿ ಗಲ್ಲಿಗೇರುವ ಮುನ್ನ ಬರೆದಿಟ್ಟುಕೊಂಡಿದ್ದ ಕಾಗದವನ್ನು ಓದಿದರು. ಒಡಂಬಡಿಕೆಯನ್ನು ಅವರು ನಿರಾಕರಿಸಲಿಲ್ಲ. ಕ್ರಾಮ್‌ವೆಲ್‌ನ ಸರ್ಕಾರದಲ್ಲಿ ಹುದ್ದೆ ಹಿಡಿದದ್ದನ್ನು ಮಾತ್ರ ತಮ್ಮ ಪಾಪವೆಂದು ನಿವೇದಿಸಿಕೊಂಡರು.