ವಜೀಫಾ ಮತ್ತು ಒಂದು ತಾರೀಖು

ಇಂದು ನಮ್ಮ ಮನೆಗಳಲ್ಲಿ ವಜೀಫಾ ಎಂದರೆ ನಮಾಜಿನ ನಂತರ ಪಠಿಸುವ ಸ್ತುತಿ, ಇಲ್ಲವೇ ಮಕ್ಕಳ ವಿದ್ಯಾರ್ಥಿವೇತನ. ನಿಜಾಮರ ಕಾಲದ ಕಲಬುರಗಿಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು: ನಿವೃತ್ತ ನೌಕರನ ಪಿಂಚಣಿ. ಕಚೇರಿಯ ಉರ್ದುವಿನಲ್ಲಿ ಅದು ‘ವಜೀಫಾ ಹುಸ್ನೆ ಖಿದ್ಮತ್’, ಅಂದರೆ ಒಳ್ಳೆಯ ಸೇವೆಗೆ ಸಂದ ವೇತನ. ಹೆಸರಿನಲ್ಲೇ ದೊರೆಯ ಔದಾರ್ಯದ ವಾಸನೆಯಿದೆ. ಪಡೆಯುವವನು ಹಕ್ಕುದಾರನಲ್ಲ, ಕೃಪೆಗೆ ಪಾತ್ರನಾದವನು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಆಡಳಿತ ಮುಗಿಯಿತು. ನಿಜಾಮರ ಸೈನ್ಯ ವಿಸರ್ಜನೆಯಾಯಿತು, 1949ರಲ್ಲಿ ಜಾಗೀರುಗಳು ರದ್ದಾದವು. ಕೆಲಸ ಕಳೆದುಕೊಂಡ ಮುಸ್ಲಿಂ ಕುಟುಂಬಗಳು ಬಹಳ; ಆ ಕಥೆ ಬೇರೆಯೇ ಬರೆಯಬೇಕಾದದ್ದು. ಆದರೆ ಸೇವೆಯಲ್ಲಿ ಉಳಿದವರ ಪಿಂಚಣಿ ಉಳಿಯಿತು. ಹಾಲಿ ಸಿಕ್ಕಾ ಹೋಗಿ ಭಾರತದ ರೂಪಾಯಿ ಬಂತು, ಏಳು ಹಾಲಿ ರೂಪಾಯಿಗೆ ಆರು ರೂಪಾಯಿಯ ಲೆಕ್ಕದಲ್ಲಿ. 1956ರ ನವೆಂಬರ್ 1ರಂದು ಆಳಂದ ತಾಲ್ಲೂಕಿನ ನರೋಣಾ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು. ಅಲ್ಲಿನ ಶಾಲೆಯ ಮಾಸ್ತರರಿಗೆ ಸರ್ಕಾರ ಬದಲಾಯಿತು, ಕಚೇರಿಯ ಭಾಷೆಯೂ ಬದಲಾಯಿತು. ಆದರೆ ಹೀಗೆ ಬಂದ ನೌಕರರ ಸೇವಾ ಷರತ್ತುಗಳನ್ನು ಕೇಂದ್ರದ ಮುಂಚಿನ ಒಪ್ಪಿಗೆಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮು ಕಟ್ಟಿಹಾಕಿತ್ತು.

ಕೃಪೆ ಹಕ್ಕಾದದ್ದು ನ್ಯಾಯಾಲಯದಲ್ಲಿ. 1971ರಲ್ಲಿ ದೇವಕಿನಂದನ್ ಪ್ರಸಾದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪಿಂಚಣಿಯನ್ನು ನೌಕರನ ಸ್ವತ್ತೆಂದು ಕರೆಯಿತು. 1982ರ ಡಿಸೆಂಬರ್ 17ರ ನಕಾರಾ ತೀರ್ಪು ಇನ್ನೂ ಮುಂದೆ ಹೋಯಿತು. ಉದಾರ ಲೆಕ್ಕದ ಪಿಂಚಣಿ 1979ರ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಎಂದಿತ್ತು ಕೇಂದ್ರ ಸರ್ಕಾರ. ನಿವೃತ್ತರೆಲ್ಲ ಒಂದೇ ವರ್ಗ, ಒಂದು ತಾರೀಖಿನಿಂದ ಅವರನ್ನು ಸೀಳಲಾಗದು ಎಂದಿತು ಕೋರ್ಟು.

ವಿಚಿತ್ರವೆಂದರೆ, ಮುಂದೆ ಗೆರೆ ಎಳೆದದ್ದೂ ತಾರೀಖೇ. ಕೇಂದ್ರದಲ್ಲಿ 2004ರ ಜನವರಿ 1, ಕರ್ನಾಟಕದಲ್ಲಿ 2006ರ ಏಪ್ರಿಲ್ 1. ಅಂದಿನಿಂದ ಸೇವೆಗೆ ಸೇರಿದವರು ಸಂಬಳದ ನೂರಕ್ಕೆ 10ನ್ನು ತಾವೇ ಕಟ್ಟಬೇಕು, ಸರ್ಕಾರವೂ ತನ್ನ ಪಾಲು ಹಾಕುತ್ತದೆ, ಹಣ ಮಾರುಕಟ್ಟೆಗೆ ಹೋಗುತ್ತದೆ. ಹಳೆಯ ಕ್ರಮದಲ್ಲಿ ಸೇವೆ ಪೂರ್ತಿಯಾದರೆ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ಬೆಲೆಯ ಜೊತೆ ಏರುವ ತುಟ್ಟಿಭತ್ಯೆ, ಸತ್ತರೆ ಹೆಂಡತಿಗೆ ಕುಟುಂಬ ಪಿಂಚಣಿ. ಹೊಸದರಲ್ಲಿ ಗೊತ್ತಿರುವುದು ಕಟ್ಟುವ ಮೊತ್ತ, ಗೊತ್ತಿಲ್ಲದ್ದು ಸಿಗುವ ಮೊತ್ತ. ಅಪಾಯ ಸರ್ಕಾರದ ಹೆಗಲಿನಿಂದ ಮಾಸ್ತರರ ಹೆಗಲಿಗೆ ಬಂತು. ಖಜಾನೆಗೆ ಪಿಂಚಣಿಯ ಹೊರೆ ಭಾರವೆಂಬ ವಾದ ಸುಳ್ಳಲ್ಲ. ಆದರೆ ಆ ಹೊರೆಯನ್ನು ಯಾರನ್ನೂ ಕೇಳದೆ ಹೊಸಬರ ಮೇಲೆ ಮಾತ್ರ ಇಳಿಸಲಾಯಿತು.

ಈ ಯೋಜನೆಯಲ್ಲಿ ಇರುತ್ತೀರೋ ಹೋಗುತ್ತೀರೋ ಎಂದು ಕರ್ನಾಟಕ ಸರ್ಕಾರ ಕೇಳಿದ್ದು 2024ರ ಜನವರಿಯಲ್ಲಿ, ಅದೂ ಸುಮಾರು 13,000 ಮಂದಿಯನ್ನು. 2006ರ ಏಪ್ರಿಲ್‌ಗೆ ಮುಂಚೆ ನೇಮಕಾತಿ ಪ್ರಕಟಣೆಯಾಗಿ, ಆದೇಶ ತಡವಾಗಿ ಕೈಸೇರಿದವರು ಇವರು. ಕಡತ ನಿಧಾನವಾದದ್ದು ಅವರ ತಪ್ಪಲ್ಲವಲ್ಲ! ಇಂಥವರಲ್ಲೂ ಕೆಲವರು ಖಾತೆಯಲ್ಲಿ ಕೂಡಿದ ಮೊತ್ತ ನೋಡಿ ಹಿಂಜರಿಯಬಹುದು. ನಿವೃತ್ತಿಯಾದಾಗ ಅದರಲ್ಲಿ ನೂರಕ್ಕೆ 60ರವರೆಗೆ ಒಮ್ಮೆಗೇ ಕೈಗೆ ಬರುತ್ತದೆ. ಮಗಳ ಮದುವೆ, ಮನೆಯ ಸಾಲ ಎದುರಿಗಿರುವವನಿಗೆ ಅದು ಸಣ್ಣ ಆಸೆಯಲ್ಲ. ಉಳಿದ 40ರಿಂದ ಕೊಳ್ಳುವ ವಾರ್ಷಿಕ ವೇತನಕ್ಕೆ ಮಾತ್ರ ತುಟ್ಟಿಭತ್ಯೆ ಇಲ್ಲ. ಇಪ್ಪತ್ತು ವರ್ಷ ಬದುಕಿದರೆ ಆ ಮೊತ್ತದ ಬೆಲೆ ಏನಾಗುತ್ತದೆಂದು ಸಂತೆಗೆ ಹೋಗುವ ಯಾರೂ ಹೇಳಬಲ್ಲರು. ಬೇರೆ ಆದಾಯವಿಲ್ಲದ ಸಾಮಾನ್ಯ ನೌಕರನಿಗೆ ಹಳೆಯದಕ್ಕೆ ಮರಳುವುದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಉಳಿದವರಿಗೆ ಆ ಅವಕಾಶ ಬರಲಿಲ್ಲ. ಈ ಭಾಗದ ಹಿಂದುಳಿದಿರುವಿಕೆಗೆ ಪರಿಹಾರವಾಗಿ 371ಜೆ ಕಲಮು 2013ರಲ್ಲಿ ಜಾರಿಗೆ ಬಂದು, ಸ್ಥಳೀಯರಿಗೆ ಸರ್ಕಾರಿ ಕೆಲಸಗಳಲ್ಲಿ ಮೀಸಲು ಸಿಕ್ಕಿತು. ನರೋಣಾದಂಥ ಊರುಗಳ ಹುಡುಗ ಹುಡುಗಿಯರು ಆ ಬಾಗಿಲಿನಿಂದ ಒಳಗೆ ಬಂದರು. ಅವರೆಲ್ಲರೂ ಸೇರಿದ್ದು 2006ರ ಗೆರೆಯ ಈಚೆಗೆ.