ಕೈಗೆ ಸಿಗದ ಏಟು

ಗೋಕಾಕದ ಬಣ್ಣದ ಹಣ್ಣುಗಳನ್ನು ಕೈಯಲ್ಲಿ ಹಿಡಿದವರಿಗೆ ಒಂದು ಸಂಗತಿ ಗೊತ್ತು. ತಟ್ಟೆಯಲ್ಲಿಟ್ಟ ಮಾವು, ಬಾಳೆ ಕಣ್ಣಿಗೆ ನಿಜವೇ. ಎತ್ತಿಕೊಂಡ ಕ್ಷಣ ಗುಟ್ಟು ರಟ್ಟು. ಹಗುರ ಮರಕ್ಕೆ ಹಣ್ಣಿನ ತೂಕ ಎಲ್ಲಿಂದ ಬರಬೇಕು? ಮೂಡಲಗಿಯ ಗೆಳೆಯನೊಬ್ಬ ಮನೆಯಲ್ಲೇ ಕಟ್ಟುತ್ತಿರುವ ಪಿನ್‌ಬಾಲ್ ಪೆಟ್ಟಿಗೆಯದೂ ಇದೇ ತೊಡಕು. ಸೊಂಟದೆತ್ತರದ ಮರದ ಪೆಟ್ಟಿಗೆ, ಅದರ ಮೇಲೆ ಅಂಗಾತ ಮಲಗಿಸಿದ ಟಿವಿ, ಒಳಗೆ ಕಂಪ್ಯೂಟರ್. ಚೆಂಡು ಬರೀ ಚಿತ್ರ. ಎಷ್ಟು ಚೆನ್ನಾಗಿ ಉರುಳಿದರೂ ಅಂಗೈಗೆ ಏನೂ ತಾಗುವುದಿಲ್ಲ.

ಪಿನ್‌ಬಾಲ್ ನಮ್ಮ ಸೀಮೆಯ ಆಟವಲ್ಲ. ನನ್ನ ವಯಸ್ಸಿನವರು ಅದನ್ನು ಕಂಡದ್ದು ವಿಂಡೋಸ್ ಎಕ್ಸ್‌ಪಿಯ ‘ಸ್ಪೇಸ್ ಕೆಡೆಟ್’ನಲ್ಲಿ, ಕೀಲಿಮಣೆಯ ಎರಡು ಗುಂಡಿ ಒತ್ತುತ್ತಾ. ಹಾಗಾಗಿ ಅದಕ್ಕೊಂದು ಮೈಯಿತ್ತು ಎಂಬುದೇ ನಮಗೆ ಹೊಳೆಯದು. ಆದರೆ ಆ ಮೈಗೂ ಒಂದು ಚರಿತ್ರೆಯಿದೆ. 1871ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ ಫ್ರೆಂಚ್ ಮೂಲದ ಬಾಗಾಟೆಲ್ ಹಲಗೆಯನ್ನು ಸುಧಾರಿಸಿ ಪೇಟೆಂಟ್ ಪಡೆದ. ಚೆಂಡನ್ನು ಚಿಮ್ಮಿಸಲು ಸ್ಪ್ರಿಂಗ್ ಬಂತು. 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಭಾರಿ ಜನಪ್ರಿಯವಾಯಿತು. ಅದರಲ್ಲಿ ವಿದ್ಯುತ್ತೂ ಇಲ್ಲ, ಚೆಂಡನ್ನು ಮರಳಿ ಹೊಡೆಯುವ ಫ್ಲಿಪರೂ ಇಲ್ಲ. ಆಟಗಾರ ಮೇಜನ್ನೇ ತಳ್ಳಬೇಕು, ಗುದ್ದಬೇಕು. ಯಂತ್ರ ಸುಮ್ಮನಿರುತ್ತಿತ್ತು.

1933ರಲ್ಲಿ ಹ್ಯಾರಿ ವಿಲಿಯಮ್ಸ್ ‘ಕಾಂಟ್ಯಾಕ್ಟ್’ ಎಂಬ ಆಟಕ್ಕೆ ಸೊಲೆನಾಯ್ಡ್ ಅಳವಡಿಸಿದ. ತಂತಿಸುರುಳಿಗೆ ವಿದ್ಯುತ್ ಹರಿದೊಡನೆ ಒಳಗಿನ ಕಬ್ಬಿಣದ ಕಡ್ಡಿ ಚಿಮ್ಮಿ, ಕುಳಿಯೊಳಗಿನ ಚೆಂಡನ್ನು ಹೊರಗೆ ಒದೆಯಿತು. ಯಂತ್ರ ತಿರುಗಿ ಹೊಡೆಯಲು ಕಲಿತದ್ದು ಅಲ್ಲಿಂದ ಎನ್ನುವುದು ನನ್ನ ಓದು. ಅದೇ ವಿಲಿಯಮ್ಸ್ ‘ಟಿಲ್ಟ್’ ಕೂಡ ತಂದ: ಅತಿಯಾಗಿ ಅಲುಗಿಸಿದರೆ ಆಟ ಬಂದ್. ಫ್ಲಿಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್‌ನ ‘ಹಂಪ್ಟಿ ಡಂಪ್ಟಿ’ಯಲ್ಲಿ. ಈ ನಡುವೆ ನ್ಯೂಯಾರ್ಕ್ ನಗರ 1942ರಲ್ಲಿ ಇದನ್ನು ಜೂಜೆಂದು ನಿಷೇಧಿಸಿತು. ನಿಷೇಧ ತೆರವಾದದ್ದು 1976ರಲ್ಲಿ. ವಿಲಿಯಮ್ಸ್ ಹೆಸರಿನ ಕಂಪನಿ 1999ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನೇ ಕೈಬಿಟ್ಟಿತು. ಅದರ ಆಸುಪಾಸಿನಲ್ಲೇ ಬಂದ ‘ವಿಷುವಲ್ ಪಿನ್‌ಬಾಲ್’ ತಂತ್ರಾಂಶದಿಂದ ಹಳೆಯ ಮೇಜುಗಳನ್ನು ಪರದೆಯ ಮೇಲೆ ಮರುಸೃಷ್ಟಿಸುವುದು ಹವ್ಯಾಸಿಗಳಿಗೆ ಸಾಧ್ಯವಾಯಿತು. ಚಿತ್ರ ಉಳಿಯಿತು, ಸದ್ದೂ ಉಳಿಯಿತು. ಏಟು ಉಳಿಯಲಿಲ್ಲ.

ಆ ಏಟನ್ನು ಮರಳಿ ತರುವ ದಾರಿ ವಿಚಿತ್ರ. ಪೆಟ್ಟಿಗೆಯೊಳಗೆ ಚೆಂಡಿಲ್ಲದ ಸೊಲೆನಾಯ್ಡ್‌ಗಳನ್ನು ಬಿಗಿಯುತ್ತಾರೆ. ಅವು ಬರೀ ಮರಕ್ಕೆ ಬಡಿಯುತ್ತವೆ. ಒಂದು ಬದಿಗೆ ಮಾತ್ರ ಭಾರ ಕಟ್ಟಿದ ಮೋಟಾರು ಇಡೀ ಪೆಟ್ಟಿಗೆಯನ್ನು ನಡುಗಿಸುತ್ತದೆ. ಆಟದಲ್ಲಿ ಚೆಂಡು ಎಲ್ಲಿ ತಾಗಿತೆಂದು ‘ಡೈರೆಕ್ಟ್‌ಔಟ್‌ಪುಟ್’ ಎಂಬ ತಂತ್ರಾಂಶ ತಿಳಿಸುತ್ತದೆ, ಅದಕ್ಕೆ ತಕ್ಕ ಸುರುಳಿಗೆ ವಿದ್ಯುತ್ ಹೋಗುತ್ತದೆ. ಪ್ರತಿ ಸುರುಳಿಗೂ ಒಂದು ಡಯೋಡ್ ಬೇಕೇ ಬೇಕು. ವಿದ್ಯುತ್ ಕಡಿದಾಗ ಸುರುಳಿ ಹಿಮ್ಮುಖವಾಗಿ ಒದೆಯುವ ವೋಲ್ಟೇಜು ಅದನ್ನು ನಡೆಸುವ ಟ್ರಾನ್ಸಿಸ್ಟರನ್ನು ಸುಟ್ಟುಹಾಕಬಲ್ಲದು.

ಫ್ಲಿಪರ್‌ಗೆ ಸೊಲೆನಾಯ್ಡ್ ಬದಲು ಕಾಂಟ್ಯಾಕ್ಟರ್ ಹಾಕುವವರೂ ಬಹಳ. ನಮ್ಮ ಕಡೆ ಹೊಲವಿರುವ ಮನೆಯಲ್ಲಿ ಬೆಳೆದವರಿಗೆ ಅದರ ಪರಿಚಯ ಬೇಡ: ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ ‘ಖಟ್’ ಎನ್ನುವುದು ಅದೇ. ಪೆಟ್ಟಿಗೆಗೆ 24 ವೋಲ್ಟಿನ ಸುರುಳಿಯ ಬಗೆ ಸಾಕು, ಪಂಪಿನದಕ್ಕೆ ಹೆಚ್ಚಿನ ವೋಲ್ಟೇಜು. ‘ಖಟ್’ ಮಾತ್ರ ಒಂದೇ ಜಾತಿಯದು. ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಸಹಕಾರಿ ತತ್ವದಲ್ಲಿ ಊರೂರಿಗೆ ಕರೆಂಟು ಹಂಚುವ ಇಂಥ ಸಂಸ್ಥೆ ಕರ್ನಾಟಕದಲ್ಲಿ ಬೇರೆ ಇಲ್ಲ. ಅದರ ಚರಿತ್ರೆ ಬರೆಯಹೊರಟವರಿಗೆ ಸದಸ್ಯರ ಲೆಕ್ಕ, ಕಂಬಗಳ ಲೆಕ್ಕ ಸಿಕ್ಕೀತು. ನಡುರಾತ್ರಿ ತ್ರೀಫೇಸ್ ಬಂದಾಗ ಸ್ಟಾರ್ಟರಿನ ಗುಂಡಿ ಒತ್ತಿದ ಬೆರಳಿಗೆ ತಾಗಿದ ಆ ಸಣ್ಣ ಅದುರು ಯಾವ ಕಡತದಲ್ಲಿದೆ? ಯಂತ್ರಗಳ ಸಾಮಾಜಿಕ ಚರಿತ್ರೆಯನ್ನು ಅಧ್ಯಯನ ಮಾಡುವ ನನಗೆ ಇದು ಬಿಡದೆ ಕಾಡುವ ಪ್ರಶ್ನೆ. ನಮ್ಮ ಪತ್ರಾಗಾರಗಳು ಕಣ್ಣಿಗಾಗಿ ಕಟ್ಟಿದವು.

ಹಾಗೆಂದು ಈ ಪೆಟ್ಟಿಗೆ ಕಳೆದುಹೋದ ಸ್ಪರ್ಶವನ್ನು ಇದ್ದಂತೆಯೇ ಮರಳಿಸುತ್ತದೆ ಎನ್ನಲಾರೆ. ನೂರಾರು ಬೇರೆ ಬೇರೆ ಮೇಜುಗಳ ಏಟಿಗೆ ಇಲ್ಲಿರುವುದು ಏಳೆಂಟು ಸುರುಳಿ. 1950ರ ದಶಕದ ಮೇಜೂ 1990ರ ದಶಕದ ಮೇಜೂ ಒಂದೇ ಕಬ್ಬಿಣದಿಂದ ಮಾತಾಡಬೇಕು. ಯಾವ ಬಂಪರಿಗೆ ಯಾವ ಸುರುಳಿ, ಎಷ್ಟು ಜೋರು, ಎಷ್ಟು ಹೊತ್ತು ಎಂದು ಕಟ್ಟುವವನೇ ತೀರ್ಮಾನಿಸುತ್ತಾನೆ. ಇದು ಗ್ರಂಥಸಂಪಾದಕನ ಕೆಲಸ: ಕೆಟ್ಟುಹೋದ ಗರಿಯಲ್ಲಿ ಓದಲಾಗದ ಅಕ್ಷರವನ್ನು ಊಹಿಸಿ ತುಂಬುವುದು. ನಮ್ಮ ಸಂಪಾದಕರು ಊಹೆಯನ್ನು ಅಡಿಟಿಪ್ಪಣಿಯಲ್ಲಿ ಗುರುತಿಸುತ್ತಾರೆ. ಏಟಿಗೆ ಅಡಿಟಿಪ್ಪಣಿ ಹಾಕುವುದು ಹೇಗೆ? ಗೆಳೆಯ ಒಂದು ನೋಟುಬುಕ್ಕು ಇಟ್ಟಿದ್ದಾನೆ. ಮೇಜಿನ ಹೆಸರು, ವರ್ಷ, ಯಾವ ಏಟನ್ನು ಯಂತ್ರದ ಕೈಪಿಡಿ ನೋಡಿ ಹೊಂದಿಸಿದ್ದು, ಯಾವುದು ತನ್ನದೇ ಅಂದಾಜು. ಈಚಿನ ಪುಟಗಳಲ್ಲಿ ಎರಡನೆಯ ಬಗೆಯವೇ ಹೆಚ್ಚು, ಅವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾನೆ.