ಸಸಿಮಡಿಯ ಮಣ್ಣು

ಪಾಸ್ಖ ಕಾಲದ ನಾಲ್ಕನೆಯ ಭಾನುವಾರ ಒಳ್ಳೆಯ ಕುರಿಗಾಹಿಯ ಭಾನುವಾರ. ಜಗದ್ಗುರು ಆರನೆಯ ಪೌಲರ ಕಾಲದಲ್ಲಿ, 1964ರಲ್ಲಿ ಆರಂಭವಾದ ದೈವಕರೆಗಳಿಗಾಗಿ ವಿಶ್ವ ಪ್ರಾರ್ಥನಾ ದಿನವೂ ಅಂದೇ. ಪೂಜಾವಿಧಿಯ 'ಬಿ' ವರ್ಷದಲ್ಲಿ ಅದರ ಮರು ಭಾನುವಾರವೇ ನಿಜವಾದ ದ್ರಾಕ್ಷಾಬಳ್ಳಿಯ ಶುಭಸಂದೇಶವನ್ನು (ಯೊವಾನ್ನ 15:1-8) ಕೇಳುತ್ತೇವೆ. ಈ ಎರಡು ಭಾನುವಾರಗಳನ್ನು ಒಂದು ಹಳೆಯ ಲತೀನ್ ಪದ ಬೆಸೆಯುತ್ತದೆ. ಅದೇ 'ಸೆಮಿನಾರಿಯುಂ'. ಇಂದು ನಮಗೆ ಸೆಮಿನರಿ ಎಂದರೆ ಗುರು ಅಭ್ಯರ್ಥಿಗಳು ಓದುವ ಮನೆ. ಆದರೆ ರೋಮಿನ ರೈತನಿಗೆ ಸೆಮಿನಾರಿಯುಂ ಎಂದರೆ ಸಸಿಮಡಿ.

ಒಳ್ಳೆಯ ದ್ರಾಕ್ಷಿಯನ್ನು ಬೀಜದಿಂದ ಬೆಳೆಸುವುದಿಲ್ಲ. ಬೀಜದಿಂದ ಹುಟ್ಟಿದ ಬಳ್ಳಿ ತಾಯಿಬಳ್ಳಿಯ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಬಲಿತ ಬಳ್ಳಿಯನ್ನು ಮೂರು ನಾಲ್ಕು ಗೆಣ್ಣುಗಳುಳ್ಳ ಕಡ್ಡಿಗಳಾಗಿ ಕತ್ತರಿಸಿ ಮಣ್ಣಿಗೆ ಊರುತ್ತಾರೆ. ತಾಯಿಬಳ್ಳಿಯಿಂದ ಬೇರ್ಪಟ್ಟ ಕಡ್ಡಿಯ ಆಯುಸ್ಸು ಅಲ್ಪ. ಒಳಗೆ ಕೂಡಿಟ್ಟ ಆಹಾರ ಮುಗಿಯುವುದರೊಳಗೆ ಅದು ಬೇರು ಬಿಡಬೇಕು, ಇಲ್ಲವೇ ಒಣಗಬೇಕು. ಹಾಗಾದರೆ ಅದನ್ನು ಎಂಥ ಮಣ್ಣಿನಲ್ಲಿ ನೆಡಬೇಕು?

ಈ ಪ್ರಶ್ನೆಗೆ ಪ್ರೇಷಿತರ ಕಾಲದಲ್ಲೇ ಉತ್ತರ ಬರೆದವನು ಕೊಲುಮೆಲ್ಲ. ಸ್ಪೇನಿನ ಗಾದೆಸ್ (ಇಂದಿನ ಕಾದಿಸ್) ಪಟ್ಟಣದಲ್ಲಿ ಹುಟ್ಟಿದ ಈತ ಬೇಸಾಯದ ಬಗ್ಗೆ 12 ಸಂಪುಟಗಳ ಗ್ರಂಥ ರಚಿಸಿದ. ದ್ರಾಕ್ಷಿಯ ಸಸಿಮಡಿಗೆ ಅತ್ಯಂತ ಫಲವತ್ತಾದ ಜಾಗವೇ ಬೇಕೆಂದು ಅವನಿಗಿಂತ ಹಿಂದಿನ ಹೆಚ್ಚಿನ ಲೇಖಕರು ಹೇಳಿದ್ದರು. ಮೂರನೆಯ ಸಂಪುಟದಲ್ಲಿ ಕೊಲುಮೆಲ್ಲ ಇದನ್ನು ಒಪ್ಪಲಿಲ್ಲ. ಸಸಿಮಡಿಯ ಮಣ್ಣು ತೀರಾ ಬಡವಾಗಿರಬಾರದು, ಜೌಗೂ ಆಗಿರಬಾರದು; ತೇವವಿರಲಿ, ಆದರೆ ಕೊಬ್ಬಿದ ಮಣ್ಣಿಗಿಂತ ಸಾಧಾರಣ ಮಣ್ಣೇ ಲೇಸು ಎಂದ. ಕೊಬ್ಬಿದ ಮಣ್ಣಿನಲ್ಲಿ ಕಡ್ಡಿ ಬೇಗ ಚಿಗುರುತ್ತದೆ, ನಿಜ. ಆದರೆ ಅಲ್ಲಿಂದ ಕಿತ್ತು ಕಳಪೆ ಹೊಲದಲ್ಲಿ ನೆಟ್ಟಾಗ ಸೊರಗುತ್ತದೆ. ಬಡ ಮಣ್ಣಿನಿಂದ ಒಳ್ಳೆಯ ಮಣ್ಣಿಗೆ ಸಾಗಿಸುವವನೇ ಜಾಣ ರೈತ ಎಂಬುದು ಅವನ ತೀರ್ಮಾನ.

ಇಂದಿನ ತೋಟಗಾರಿಕೆ ಇದಕ್ಕೆ ಇನ್ನೊಂದು ಕಾರಣವನ್ನು ಸೇರಿಸುತ್ತದೆ. ಬೇರಿಲ್ಲದ ಕಡ್ಡಿ ಮಣ್ಣಿನಿಂದ ಗೊಬ್ಬರದ ಸಾರವನ್ನು ಹೀರಲಾರದು. ಅದಕ್ಕೆ ಆಗ ಬೇಕಾದದ್ದು ಎರಡೇ: ತೇವ ಮತ್ತು ಗಾಳಿ. ಹಸಿ ಗೊಬ್ಬರ ಕಾವೇರಿ ಎಳೆಬೇರನ್ನು ಸುಡುತ್ತದೆ. ನೀರು ನಿಲ್ಲುವ ಜಿಗುಟು ಮಣ್ಣಿನಲ್ಲಿ ಕಡ್ಡಿಯ ಬುಡ ಕೊಳೆಯುತ್ತದೆ. ಆದ್ದರಿಂದಲೇ ಸಾರವಿಲ್ಲವೆಂದು ನಾವು ಬದಿಗೆ ಸರಿಸುವ ಮರಳಿಗೆ ಸಸಿಮಡಿಯಲ್ಲಿ ಅಷ್ಟೊಂದು ಬೆಲೆ.

ಮರಳಿನ ಬೆಲೆಯನ್ನು ಫ್ರಾನ್ಸ್ ದೇಶ ಕಣ್ಣೀರಿಟ್ಟು ಕಲಿಯಿತು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ದ್ರಾಕ್ಷಿಯ ಬೇರುಗಳನ್ನು ಹಾಳುಮಾಡಿ ತೋಟಕ್ಕೆ ತೋಟವನ್ನೇ ಒಣಗಿಸಿತು. ಆದರೆ ಮೆಡಿಟರೇನಿಯನ್ ತೀರದ ಎಗ್-ಮೋರ್ತ್ ಸುತ್ತಲಿನ ಮರಳು ಭೂಮಿಯ ಬಳ್ಳಿಗಳು ಬದುಕಿಕೊಂಡವು. ಮರಳಿನಲ್ಲಿ ಆ ಕೀಟ ನೆಲೆಯೂರಲಾರದು. ಶ್ರೀಮಂತ ತೋಟಗಳು ನಾಶವಾದಾಗ ಬಡ ಮರಳೇ ಬಳ್ಳಿಗೆ ಆಸರೆಯಾಯಿತು. ಉಳಿದೆಡೆ ಕೀಟವನ್ನು ತಾಳಬಲ್ಲ ಅಮೆರಿಕದ ಬೇರುಗಿಡಗಳ ಮೇಲೆ ಕಸಿಮಾಡಿ ತೋಟಗಳನ್ನು ಮತ್ತೆ ಕಟ್ಟಿದರು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ರೈತರು ಬರ ಮತ್ತು ಉಪ್ಪುನೀರನ್ನು ತಾಳಲೆಂದು ಬಳಸುವ ಡಾಗ್‌ರಿಡ್ಜ್ ಬೇರುಗಿಡವೂ ಟೆಕ್ಸಾಸ್ ಮೂಲದ್ದೇ. ಅದರ ಕಡ್ಡಿ ಸುಲಭವಾಗಿ ಬೇರು ಬಿಡುವುದಿಲ್ಲ. ಆದರೆ ಒಮ್ಮೆ ಬೇರೂರಿತೆಂದರೆ ಕಷ್ಟಕ್ಕೆ ಜಗ್ಗುವುದಿಲ್ಲ.

ಈಗ ಸೆಮಿನರಿಯ ಕಥೆಗೆ ಬರೋಣ. 1563ರ ಜುಲೈ 15ರಂದು ಟ್ರೆಂಟ್ ಮಹಾಸಭೆಯು ತನ್ನ 23ನೆಯ ಅಧಿವೇಶನದಲ್ಲಿ, ಪ್ರತಿಯೊಂದು ಧರ್ಮಕ್ಷೇತ್ರವೂ ಭಾವೀ ಗುರುಗಳನ್ನು ಬೆಳೆಸುವ ಶಾಲೆಯನ್ನು ನಡೆಸಬೇಕೆಂದು ವಿಧಿಸಿತು. ಅದು ದೇವರ ಸೇವಕರ ನಿರಂತರ ಸಸಿಮಡಿಯಾಗಬೇಕೆಂಬುದು ಮಹಾಸಭೆಯ ಆಶಯ. ಕನಿಷ್ಠ 12 ವರ್ಷ ತುಂಬಿದ, ಓದುಬರಹ ಬಲ್ಲ ಹುಡುಗರು ಬರಲಿ. ಮುಖ್ಯವಾಗಿ ಬಡವರ ಮಕ್ಕಳನ್ನು ಆರಿಸಿಕೊಳ್ಳಿ. ಶ್ರೀಮಂತರ ಮಕ್ಕಳಿಗೂ ಅಡ್ಡಿಯಿಲ್ಲ, ಆದರೆ ಅವರು ತಮ್ಮ ಖರ್ಚನ್ನು ತಾವೇ ಭರಿಸಲಿ ಎಂದು ಆ ವಿಧಿ ಹೇಳಿತು. ಸಾಧಾರಣ ಮಣ್ಣೇ ಲೇಸು ಎಂಬ ರೈತನ ಅನುಭವ ಇಲ್ಲಿಯೂ ನೆನಪಾಗದೆ ಇರದು.

ಪ್ರಿಯರೇ, ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಗುರುಗಳ ತರಬೇತಿಯ ಕುರಿತು ಹೊರಡಿಸಿದ ವಿಧಿಯಲ್ಲಿ ಕುಟುಂಬವನ್ನೇ ಮೊದಲ ಸೆಮಿನರಿ ಎಂದು ಕರೆಯಿತು. ಅಂದರೆ ಮೊದಲ ಸಸಿಮಡಿ ನಮ್ಮ ಮನೆ. ಗುರುವಾಗುವ ಮಗನಿಗೆ, ಕನ್ಯಾಸ್ತ್ರೀಯಾಗುವ ಮಗಳಿಗೆ ಮಾತ್ರವಲ್ಲ, ಮದುವೆಯಾಗಿ ಸಂಸಾರ ನಡೆಸುವ ಮಕ್ಕಳಿಗೂ ಅದೇ ಸಸಿಮಡಿ. ನಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡವೆಂದು ಕೇಳಿದ್ದನ್ನೆಲ್ಲ ಕೊಡಿಸುತ್ತೇವೆ. ಟ್ಯೂಷನ್ನಿಗೆ ಕಳುಹಿಸುವ ಅವಸರದಲ್ಲಿ ಜಪಸರ, ಭಾನುವಾರದ ಪೂಜೆ ತಪ್ಪಿದರೂ ಸುಮ್ಮನಿರುತ್ತೇವೆ. ಗೊಬ್ಬರ ಹೆಚ್ಚಾಯಿತು, ಗಾಳಿ ಕಡಿಮೆಯಾಯಿತು. ಚಿಗುರು ನೋಡಿ ಹಿಗ್ಗುತ್ತೇವೆ. ಬೇರು ಬಂದಿದೆಯೇ ಎಂದು ನೋಡುವುದಿಲ್ಲ. ನಾಳೆ ಅವರನ್ನು ಬದುಕಿನ ಗಟ್ಟಿ ನೆಲಕ್ಕೆ ಕಿತ್ತು ನೆಡುವ ದಿನ ಬಂದೇ ಬರುತ್ತದೆ.

ಪ್ರವಾದಿ ಯೆಜೆಕಿಯೇಲನ 17ನೆಯ ಅಧ್ಯಾಯದಲ್ಲಿ ಒಳ್ಳೆಯ ನೆಲದಲ್ಲಿ, ಸಮೃದ್ಧ ನೀರಿನ ಬಳಿ ನೆಟ್ಟ ದ್ರಾಕ್ಷಾಬಳ್ಳಿಯ ಸಾಮತಿಯಿದೆ. ಒಡಂಬಡಿಕೆ ಮುರಿದುದರಿಂದ ಅದು ಬೆಳೆದ ಪಾತಿಯಲ್ಲೇ ಒಣಗುತ್ತದೆ. ನೆಲ, ನೀರು ಎರಡೂ ಇದ್ದವು, ನಿಷ್ಠೆ ಇರಲಿಲ್ಲ. ನಮ್ಮ ಮಕ್ಕಳಿಗೆ ಸಮೃದ್ಧಿಗಿಂತ ಮೊದಲು ಬೇಕಾದದ್ದು ಯೇಸುಸ್ವಾಮಿಯಲ್ಲಿ ನೆಲೆಸುವ ಅಭ್ಯಾಸ. ದಿನಕ್ಕೊಂದಿಷ್ಟು ಪ್ರಾರ್ಥನೆಯ ತೇವ, ಮನೆಮಂದಿ ಒಟ್ಟಿಗೆ ಕೂತು ಮಾತಾಡುವ ಗಾಳಿ, ಕೈಮೀರದ ಸರಳ ಜೀವನದ ಮರಳು. ಇಷ್ಟನ್ನು ಕೊಡಲು ಯಾವ ಬಡ ಕುಟುಂಬಕ್ಕೂ ಕೊರತೆಯಿಲ್ಲ. ಉಳಿದುದನ್ನು ತೋಟದ ಒಡೆಯನಾದ ಪಿತನಿಗೆ ಒಪ್ಪಿಸೋಣ.